ಕಿಟಕಿ ಇಲ್ಲದ ಹಡಗು

ವಿಶಾಖಪಟ್ಟಣದ ರಾಮಕೃಷ್ಣ ಬೀಚಿನಲ್ಲಿ, ಅಲೆಗಳಿಗೆ ತುಸು ದೂರದಲ್ಲಿ, ಒಂದು ಜಲಾಂತರ್ಗಾಮಿ ನೆಲದ ಮೇಲೆ ಕೂತಿದೆ. ಹೆಸರು ಐಎನ್‌ಎಸ್ ಕುರ್ಸುರಾ. ಉದ್ದ 91 ಮೀಟರ್. 1969ರ ಡಿಸೆಂಬರಿನಲ್ಲಿ ನೌಕಾಪಡೆಗೆ ಸೇರಿ, 2001ರವರೆಗೆ ಕಡಲೊಳಗೆ ದುಡಿದು, ಆಮೇಲೆ ದಡಕ್ಕೆ ಬಂದು ಮ್ಯೂಸಿಯಂ ಆಯಿತು. ಟಿಕೆಟ್ ತಗೊಂಡರೆ ಒಂದು ತುದಿಯಿಂದ ಒಳಹೊಕ್ಕು ಇನ್ನೊಂದು ತುದಿಯಿಂದ ಹೊರಬರಬಹುದು. ದೊಡ್ಡವರು ತಲೆ ಬಗ್ಗಿಸಬೇಕು, ಮಕ್ಕಳು ಆರಾಮಾಗಿ ನಡೆಯಬಹುದು.

ನನ್ನ ಅಕ್ಕ, ಭಾವ ವಿಶಾಖಪಟ್ಟಣದಲ್ಲಿ ನೆಲೆಸಿ ಬಹಳ ವರ್ಷವಾಯಿತು. ಅವರ ಮಗಳು ಏಳನೇ ತರಗತಿ. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತೆಲುಗು. ಕಳೆದ ರಜೆಯಲ್ಲಿ ಅವಳನ್ನು ಕುರ್ಸುರಾ ತೋರಿಸಲು ಕರೆದುಕೊಂಡು ಹೋಗಿದ್ದೆ. ಅವಳು ಕೊಳವೆ, ಚಕ್ರ, ಮಾಪಕಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡುತ್ತಾ ಬಂದವಳು ನಡುಮಧ್ಯೆ ನಿಂತುಬಿಟ್ಟಳು.

“ಚಿಕ್ಕಿ, ಇದಕ್ಕೆ ಒಂದೂ ಕಿಟಕಿ ಇಲ್ಲ! ಒಳಗಿರೋರಿಗೆ ತಾವು ಎಲ್ಲಿದ್ದೀವಿ ಅಂತ ಹೇಗೆ ಗೊತ್ತಾಗತ್ತೆ?”

ಒಳ್ಳೆಯ ಪ್ರಶ್ನೆ. ನೀರಿನ ಆಳದಲ್ಲಿ ಬೆಳಕೇ ಇರುವುದಿಲ್ಲ, ಕಿಟಕಿ ಇಟ್ಟರೂ ಕಾಣುವುದು ಕತ್ತಲೆ. ಅದಕ್ಕೇ ಒಳಗಿನವರು ನೋಡುವುದಿಲ್ಲ, ಕೇಳುತ್ತಾರೆ. ಆಳ ಎಷ್ಟು ಎಂದು ಮಾಪಕವನ್ನು ಕೇಳುತ್ತಾರೆ. ದಿಕ್ಕು ಯಾವುದು ಎಂದು ದಿಕ್ಸೂಚಿಯನ್ನು ಕೇಳುತ್ತಾರೆ. ಉತ್ತರ ಬಂದ ಮೇಲೆ ಆಜ್ಞೆ ಕೊಡುತ್ತಾರೆ: ಇಷ್ಟು ಇಳಿ, ಇಷ್ಟು ತಿರುಗು. ಹಡಗು ನಡೆಯುವುದು ಮಾತಿನ ಮೇಲೆ.

ಹಾಗೆ ಹೇಳುತ್ತಿದ್ದಾಗಲೇ ನನಗೆ ಮನೆಯಲ್ಲಿ ಅಟ್ಟದ ಮೇಲೆ ಕೂತಿದ್ದ ಭಾವನ ಹಳೆಯ ಲ್ಯಾಪ್‌ಟಾಪು ನೆನಪಾಯಿತು. “ಪುಟ್ಟೀ, ಕಿಟಕಿ ಇಲ್ಲದ ಇನ್ನೊಂದು ಹಡಗು ನಿಮ್ಮ ಮನೇಲೇ ಇದೆ. ಅದನ್ನ ನೀನೇ ನಡೆಸಬಹುದು” ಅಂದೆ.

ಆ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದೆವು. ಲಿನಕ್ಸ್‌ನಲ್ಲಿ ಹಲವು ಬಗೆ ಇವೆ. ನಾವು ಹಾಕಿದ್ದು ಡೆಬಿಯನ್. ಇದರ ಪ್ರತಿ ಆವೃತ್ತಿಗೂ ‘ಟಾಯ್ ಸ್ಟೋರಿ’ ಸಿನಿಮಾದ ಒಂದೊಂದು ಗೊಂಬೆಯ ಹೆಸರು. ನಮ್ಮದು ‘ಬುಕ್‌ವರ್ಮ್’, ಅಂದರೆ ಪುಸ್ತಕದ ಹುಳು. ಹಳೆಯ ಯಂತ್ರದ ಮೇಲೂ ಹಗುರಾಗಿ ಓಡುತ್ತದೆ. ದುಡ್ಡು ಕೊಡಬೇಕಾಗಿಲ್ಲ, ಗೆಳೆಯರಿಗೆ ಹಂಚಿದರೆ ಯಾರೂ ಬೈಯುವುದಿಲ್ಲ. ಒಳಗೆ ಏನು ಬರೆದಿದೆ ಎಂದು ಬಿಚ್ಚಿ ಓದಲೂಬಹುದು. ಈ ಕೊನೆಯ ಮಾತಿಗೆ ಆಮೇಲೆ ಬರುತ್ತೇನೆ.

ಲಿನಕ್ಸ್‌ನಲ್ಲೂ ಚಿತ್ರ, ಗುಂಡಿ, ಮೌಸು ಎಲ್ಲ ಇವೆ. ನಾವು ಅವನ್ನು ಬಿಟ್ಟು ‘ಟರ್ಮಿನಲ್’ ತೆರೆದೆವು. ಒಂದು ಕಪ್ಪು ಚೌಕ. ಅದರ ಮೂಲೆಯಲ್ಲಿ ಒಂದು ಡಾಲರ್ ಗುರುತು, ಪಕ್ಕದಲ್ಲಿ ಮಿಣುಕುವ ಒಂದು ಪುಟ್ಟ ಗೆರೆ. ಅಷ್ಟೇ.

$

ಆ ಗುರುತಿಗೆ ಪ್ರಾಂಪ್ಟ್ ಎನ್ನುತ್ತಾರೆ. ‘ನಾನು ಕೇಳಿಸಿಕೊಳ್ಳುತ್ತಿದ್ದೇನೆ, ಹೇಳು’ ಎಂದು ಅದರ ಅರ್ಥ. ಹಿಂದೆ ಕೂತು ಕೇಳಿಸಿಕೊಳ್ಳುವ ಪ್ರೋಗ್ರಾಮಿಗೆ ಶೆಲ್ ಎಂದು ಹೆಸರು. ನೀವು ಬರೆದ ಸಾಲನ್ನು ಓದಿ, ಬೇಕಾದ ಕೆಲಸಗಾರನನ್ನು ಕರೆದು ಕೆಲಸ ಒಪ್ಪಿಸುವ ಮೇಸ್ತ್ರಿ ಅದು.

(ಇಲ್ಲಿ ಆಜ್ಞೆಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನೀವು ಕೀಬೋರ್ಡಿನಲ್ಲಿ ಇಂಗ್ಲಿಷಿನ ಚಿಕ್ಕ ಅಕ್ಷರಗಳಲ್ಲಿ ಒತ್ತಿ, ಕೊನೆಗೆ ಎಂಟರ್ ಒತ್ತಬೇಕು.)

ಜಲಾಂತರ್ಗಾಮಿಯಲ್ಲಿ ಮೊದಲ ಪ್ರಶ್ನೆ ಏನು? ‘ನಾನೆಲ್ಲಿದ್ದೇನೆ?’ ಅದಕ್ಕೆ ಇಲ್ಲಿ ಪಿಡಬ್ಲ್ಯುಡಿ. ನಮ್ಮೂರಲ್ಲಿ ಪಿಡಬ್ಲ್ಯುಡಿ ಅಂದರೆ ರಸ್ತೆ ಮಾಡುವ ಇಲಾಖೆ. ಲಿನಕ್ಸ್‌ನಲ್ಲಿ ‘ನಾನು ಈಗ ಕೆಲಸ ಮಾಡುತ್ತಿರುವ ಜಾಗದ ಹೆಸರು ಹೇಳು’ ಎಂದು. ಒತ್ತಿದ ತಕ್ಷಣ ಉತ್ತರ ಬಂತು: ಒಂದು ಓರೆಗೆರೆ, ಹೋಮ್, ಇನ್ನೊಂದು ಓರೆಗೆರೆ, ಆಮೇಲೆ ಅವಳ ಹೆಸರು. ಇದು ವಿಳಾಸ. ನಾವು ಲಕೋಟೆಯ ಮೇಲೆ ಮನೆ, ಬೀದಿ, ಊರು, ರಾಜ್ಯ ಎಂದು ಚಿಕ್ಕದರಿಂದ ದೊಡ್ಡದಕ್ಕೆ ಬರೆಯುತ್ತೇವೆ. ಲಿನಕ್ಸ್ ದೊಡ್ಡದರಿಂದ ಚಿಕ್ಕದಕ್ಕೆ ಬರುತ್ತದೆ. ಎಲ್ಲಕ್ಕೂ ಮೊದಲಿರುವ ಆ ಒಂಟಿ ಓರೆಗೆರೆಗೆ ‘ಬೇರು’ ಎಂದೇ ಹೆಸರು. ಅಲ್ಲಿಂದ ಕೊಂಬೆ, ಕೊಂಬೆಯಿಂದ ರೆಂಬೆ.

ಎರಡನೇ ಪ್ರಶ್ನೆ: ‘ಸುತ್ತ ಏನೇನಿದೆ?’ ಅದಕ್ಕೆ ಎಲ್‌ಎಸ್. ಫೋಲ್ಡರಿನಲ್ಲಿರುವ ಫೈಲುಗಳ ಹೆಸರೆಲ್ಲ ಸಾಲಾಗಿ ಬಂತು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ಸಿಡಿ, ಜೊತೆಗೆ ಕೋಣೆಯ ಹೆಸರು. ಹಿಂದಕ್ಕೆ ಬರಲು ಸಿಡಿ ಬರೆದು ಜಾಗ ಬಿಟ್ಟು ಎರಡು ಚುಕ್ಕಿ. ಹೊಸ ಕೋಣೆ ಕಟ್ಟಲು ಎಂಕೆಡಿಐಆರ್. ಅವಳು ‘ಪ್ರಯಾಣ’ ಎಂದು ಕನ್ನಡದಲ್ಲೇ ಒಂದು ಫೋಲ್ಡರ್ ಮಾಡಿದಳು. ಲಿನಕ್ಸ್ ತಕರಾರು ಮಾಡಲಿಲ್ಲ.

ತಕರಾರು ಏನು, ಮಾತೇ ಆಡಲಿಲ್ಲ! ಅವಳಿಗೆ ಅದೇ ಗಾಬರಿ. “ಚಿಕ್ಕಿ, ಏನೂ ಬರಲೇ ಇಲ್ಲ. ಕೆಟ್ಟುಹೋಯ್ತಾ?” ಹಡಗಿನಲ್ಲಿ ನಾಯಕ ಆಜ್ಞೆ ಕೊಟ್ಟರೆ ನಾವಿಕ ಅದನ್ನೇ ಗಟ್ಟಿಯಾಗಿ ತಿರುಗಿ ಹೇಳುತ್ತಾನೆ. ಇಲ್ಲಿ ಹಾಗಿಲ್ಲ. ಹೇಳಿದ ಕೆಲಸ ಸರಿಯಾಗಿ ಆದರೆ ಲಿನಕ್ಸ್ ಸುಮ್ಮನಿರುತ್ತದೆ. ತಪ್ಪಿದರೆ ಮಾತ್ರ ಬಾಯಿ ಬಿಡುತ್ತದೆ. ಅದು ಬೈಗುಳವಲ್ಲ. ಬಿಡಿಸಿ ಓದಿದರೆ ಎಲ್ಲಿ ಎಡವಿದೆವು ಎಂದು ಅದರಲ್ಲೇ ಬರೆದಿರುತ್ತದೆ: ಅಂಥ ಹೆಸರಿನ ಫೈಲು ಇಲ್ಲಿಲ್ಲ, ಅಂಥ ಆಜ್ಞೆ ನನಗೆ ಸಿಗಲಿಲ್ಲ, ಅಷ್ಟೇ.

ಇನ್ನೊಂದು ವಿಚಿತ್ರ ಅವಳೇ ಕಂಡುಹಿಡಿದಳು. ಕನ್ನಡದಲ್ಲಿ ನಾವು ‘ನೀರು ತಾ’ ಎನ್ನುತ್ತೇವೆ. ಮೊದಲು ವಸ್ತು, ಕೊನೆಗೆ ಕೆಲಸ. ತೆಲುಗಿನಲ್ಲೂ ಹಾಗೇ. ಶೆಲ್ ಮಾತ್ರ ‘ತಾ ನೀರು’ ಎನ್ನಬೇಕು ಎನ್ನುತ್ತದೆ. ಕೆಲಸ ಮೊದಲು, ಆಮೇಲೆ ವಸ್ತು. ಎರಡರ ನಡುವೆ ಒಂದು ಅಡ್ಡಗೆರೆ ಹಾಕಿ ಅಕ್ಷರ ಸೇರಿಸಿದರೆ ಆ ಕೆಲಸ ಹೇಗೆ ಆಗಬೇಕು ಎಂದು ಹೇಳಿದಂತೆ. ‘ತಾ -ಬಿಸಿ ನೀರು’. ಇಷ್ಟು ವ್ಯಾಕರಣ ಗೊತ್ತಾದರೆ ಟರ್ಮಿನಲ್ಲಿನ ಅರ್ಧ ಗುಟ್ಟು ಗೊತ್ತಾದ ಹಾಗೆ.

ಮೂರು ದಿನ ಕಳೆದು ನಾವೆಲ್ಲ ವಿಜಯವಾಡಕ್ಕೆ ಒಂದು ಮದುವೆಗೆ ಹೊರಟೆವು. ರತ್ನಾಚಲ ಎಕ್ಸ್‌ಪ್ರೆಸ್ಸು. ಮಧ್ಯಾಹ್ನ ಹತ್ತಿದರೆ ಸಂಜೆ ವಿಜಯವಾಡ. ಸುಮಾರು 350 ಕಿಲೋಮೀಟರ್. ಪುಟ್ಟಿ ಕಿಟಕಿ ಪಕ್ಕ ಕೂತು (ರೈಲಿಗೆ ಕಿಟಕಿ ಉಂಟು!) ಊರಿನ ಹೆಸರುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಅವಳ ಅಪ್ಪ ರೈಲ್ವೆಯ ಗುಟ್ಟು ಅಕ್ಷರಗಳನ್ನು ಹೇಳಿಕೊಟ್ಟರು. ವಿಶಾಖಪಟ್ಟಣಕ್ಕೆ ವಿಎಸ್‌ಕೆಪಿ. ಅನಕಾಪಲ್ಲಿಗೆ ಎಕೆಪಿ. ರಾಜಮಂಡ್ರಿಗೆ ಆರ್‌ಜೆವೈ. ಏಲೂರಿಗೆ ಇಇ, ಎರಡೇ ಅಕ್ಷರ! ವಿಜಯವಾಡಕ್ಕೆ ಬಿಜೆಡ್ಎ.

“ವಿಜಯವಾಡಕ್ಕೆ ಬಿ ಯಾಕೆ ಅಪ್ಪಾ?”

ಆ ಊರಿನ ಹಳೆಯ ಹೆಸರು ಬೆಜವಾಡ. ಊರಿನ ಹೆಸರು ಬದಲಾಯಿತು, ರೈಲ್ವೆಯ ಗುರುತು ಹಾಗೇ ಉಳಿಯಿತು. ಆ ಗುರುತುಗಳು ತಂತಿಯ ಕಾಲದವು. ಟಕಟಕ ಎಂದು ಒಂದೊಂದೇ ಅಕ್ಷರ ಬಡಿದು ಸುದ್ದಿ ಕಳಿಸುವಾಗ ಉದ್ದ ಹೆಸರು ಯಾರಿಗೆ ಬೇಕು? ಕೈಗೆ ಶ್ರಮ, ಹೊತ್ತೂ ಹೆಚ್ಚು.

ಲಿನಕ್ಸ್ ಆಜ್ಞೆಗಳು ಎರಡೆರಡು ಅಕ್ಷರಕ್ಕೆ ಕುಗ್ಗಿದ ಕತೆಯೂ ಹೆಚ್ಚುಕಡಿಮೆ ಇದೇ. ಕುರ್ಸುರಾ ನೌಕಾಪಡೆಗೆ ಸೇರಿದ ಅದೇ 1969ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಅವರ ಗೆಳೆಯರು ಯುನಿಕ್ಸ್ ಎಂಬ ವ್ಯವಸ್ಥೆ ಕಟ್ಟತೊಡಗಿದರು. ಅವರ ಮುಂದೆ ಈಗಿನಂಥ ತೆರೆ ಇರಲಿಲ್ಲ. ಟೆಲಿಟೈಪ್ ಎಂಬ ಯಂತ್ರ ಇತ್ತು, ಟೈಪ್‌ರೈಟರಿನ ದೊಡ್ಡಣ್ಣನ ಹಾಗೆ. ಬರೆದದ್ದೂ ಕಾಗದದ ಮೇಲೆ, ಕಂಪ್ಯೂಟರ್ ಕೊಟ್ಟ ಉತ್ತರವೂ ಕಾಗದದ ಮೇಲೆ. ಆಗ ಬಳಕೆಯಲ್ಲಿದ್ದ ಒಂದು ಹೆಸರಾಂತ ಟೆಲಿಟೈಪು ಸೆಕೆಂಡಿಗೆ 10 ಅಕ್ಷರ ಮಾತ್ರ ಅಚ್ಚು ಹಾಕುತ್ತಿತ್ತು, ಕೀಲಿಗಳು ಬಲು ಬಿಗಿ. ಹೀಗಾಗಿ ‘ಪಟ್ಟಿ’ ಎಂಬರ್ಥದ ಲಿಸ್ಟ್ ಎಲ್‌ಎಸ್ ಆಯಿತು, ‘ನಕಲು’ ಎಂಬರ್ಥದ ಕಾಪಿ ಸಿಪಿ ಆಯಿತು, ‘ಸರಿಸು’ ಎಂಬರ್ಥದ ಮೂವ್ ಎಂವಿ ಆಯಿತು. ಟೆಲಿಟೈಪು ಹೋಯಿತು, ಹೆಸರು ಉಳಿಯಿತು, ಬೆಜವಾಡದ ಬಿ ಉಳಿದ ಹಾಗೆ. ಇವತ್ತಿಗೂ ಟರ್ಮಿನಲ್ಲಿನಲ್ಲಿ ಟಿಟಿವೈ ಎಂದು ಒತ್ತಿ ನೋಡಿ. ನೀವು ಕೂತಿರುವ ‘ಟೆಲಿಟೈಪಿನ’ ಹೆಸರು ಹೇಳುತ್ತದೆ. ಐವತ್ತು ವರ್ಷದ ಹಿಂದಿನ ಆ ಯಂತ್ರ ಇನ್ನೂ ಇದೆ ಎಂದೇ ಲಿನಕ್ಸ್ ನಂಬಿಕೊಂಡಿದೆ. ನನಗೆ ಇದು ಬಹಳ ಇಷ್ಟ.

ರಾಜಮಂಡ್ರಿಯ ಹತ್ತಿರ ಗೋದಾವರಿ ದಾಟುವಾಗ ಡಬ್ಬಿಯಲ್ಲಿದ್ದವರೆಲ್ಲ ಕಿಟಕಿಗೆ ಬಂದರು. ಕೆಲವರು ಕೈಮುಗಿದು ನಾಣ್ಯ ಎಸೆದರು. ಹೊಳೆ ದಾಟಿ ಮುಗಿಯುವುದಕ್ಕೆ ಎಷ್ಟು ಹೊತ್ತು! ಆಮೇಲೆ ಪುಟ್ಟಿ ಲ್ಯಾಪ್‌ಟಾಪ್ ತೆರೆದು, ನೋಟ್‌ಬುಕ್ಕಿನಲ್ಲಿದ್ದ ಹತ್ತು ಊರುಗಳನ್ನು ‘ರೈಲು’ ಎಂಬ ಫೈಲಿನಲ್ಲಿ ಬರೆದಳು. ಕ್ಯಾಟ್ ರೈಲು ಎಂದು ಕೇಳಿದಾಗ ತೆರೆಯ ಮೇಲೆ ಬಂದದ್ದು ಇದು:

1 ವಿಶಾಖಪಟ್ಟಣ
2 ದುವ್ವಾಡ
3 ಅನಕಾಪಲ್ಲಿ
4 ತುನಿ
5 ಅನ್ನವರಂ
6 ಸಾಮರ್ಲಕೋಟ
7 ರಾಜಮಂಡ್ರಿ
8 ತಾಡೇಪಲ್ಲಿಗೂಡೆಂ
9 ಏಲೂರು
10 ವಿಜಯವಾಡ

ಕ್ಯಾಟ್ ಅಂದರೆ ಬೆಕ್ಕಲ್ಲ. ಜೋಡಿಸು ಎಂಬರ್ಥದ ಉದ್ದನೆಯ ಪದದ ತುಂಡು. ಫೈಲಿನಲ್ಲಿ ಇರುವುದನ್ನು ಹಾಗೇ ತಂದು ಸುರಿಯುತ್ತದೆ.

ಈಗ ಸಾರ್ಟ್ ಎಂಬ ಆಜ್ಞೆ. ಸಾಲುಗಳನ್ನು ಕ್ರಮವಾಗಿ ಜೋಡಿಸುವುದು ಅದರ ಕೆಲಸ. ಮೊದಲೇ ಕ್ರಮದಲ್ಲಿರುವುದನ್ನು ಜೋಡಿಸಿದರೆ ಏನೂ ಬದಲಾಗಬಾರದು, ಅಲ್ಲವೇ? ಸಾರ್ಟ್ ರೈಲು ಎಂದು ಒತ್ತಿದಳು. ವಿಜಯವಾಡ ಹಾರಿ ಮೇಲಕ್ಕೆ ಬಂದು ವಿಶಾಖಪಟ್ಟಣದ ಪಕ್ಕದಲ್ಲೇ ಕೂತಿತ್ತು! ದುವ್ವಾಡ ಅದರ ಕೆಳಗೆ.

“ಹಾಗಾದ್ರೆ ಈಗಲೇ ಇಳೀಬೇಕಿತ್ತಲ್ಲ!” ಎಂದು ಅವಳು ನಗುತ್ತಲೇ ಯೋಚನೆಗೆ ಬಿದ್ದಳು. ನೀವೂ ಒಂದು ನಿಮಿಷ ಯೋಚಿಸಿ.

ಸಾರ್ಟ್ ಸಂಖ್ಯೆಯನ್ನು ಸಂಖ್ಯೆ ಎಂದು ಓದಲಿಲ್ಲ, ಅಕ್ಷರ ಎಂದು ಓದಿತು. ನಿಘಂಟಿನಲ್ಲಿ ‘ಕ’ದಿಂದ ಶುರುವಾಗುವ ಪದಗಳೆಲ್ಲ ಮುಗಿದ ಮೇಲೆ ತಾನೇ ‘ಖ’? ಹಾಗೆಯೇ 1ರಿಂದ ಶುರುವಾಗುವ ಸಾಲುಗಳೆಲ್ಲ ಮುಗಿದ ಮೇಲೆ 2. ಹತ್ತು ಶುರುವಾಗುವುದು ಒಂದರಿಂದ. ಯಂತ್ರ ತಪ್ಪು ಮಾಡಲಿಲ್ಲ, ನಾವು ಹೇಳದೆ ಬಿಟ್ಟಿದ್ದೆವು. ಸಾರ್ಟ್ -ಎನ್ ರೈಲು ಎಂದರೆ ‘ಸಂಖ್ಯೆಯಾಗಿ ಓದು’ ಎಂದು ಹೇಳಿದಂತೆ. ವಿಜಯವಾಡ ಮತ್ತೆ ಕೆಳಗಿಳಿಯಿತು. ಅದರ ಜೊತೆ ಆರ್ ಸೇರಿಸಿ ಸಾರ್ಟ್ -ಎನ್‌ಆರ್ ರೈಲು ಎಂದರೆ ಎಲ್ಲ ತಿರುಗುಮುರುಗು. ನಮ್ಮ ವಾಪಸ್ ಪ್ರಯಾಣದ ಪಟ್ಟಿ ಸಿದ್ಧ!

ಮರುದಿನ ಮದುವೆ ಊಟ ಮುಗಿಸಿ ಸಂಜೆ ಪ್ರಕಾಶಂ ಬ್ಯಾರೇಜಿನ ಮೇಲೆ ನಡೆದೆವು. ಆಂಧ್ರ ರಾಜ್ಯದ ಮೊದಲ ಮುಖ್ಯಮಂತ್ರಿ ಟಂಗುಟೂರಿ ಪ್ರಕಾಶಂ ಅವರ ಹೆಸರು ಅದಕ್ಕೆ. 1957ರಲ್ಲಿ ಕಟ್ಟಿ ಮುಗಿಸಿದ್ದು, ಒಂದು ಕಿಲೋಮೀಟರಿಗಿಂತ ಉದ್ದ. ಕೆಳಗೆ ಹರಿಯುವುದು ಕೃಷ್ಣೆ, ನಮ್ಮ ಕೃಷ್ಣೆಯೇ. ಮಹಾಬಲೇಶ್ವರದಲ್ಲಿ ಹುಟ್ಟಿ, ಆಲಮಟ್ಟಿ ದಾಟಿ, ನಾರಾಯಣಪುರ ದಾಟಿ, ಶ್ರೀಶೈಲ ದಾಟಿ, ನಾಗಾರ್ಜುನಸಾಗರ ದಾಟಿ ಇಲ್ಲಿಗೆ ಬಂದಿದ್ದಾಳೆ. ದಾರಿಯಲ್ಲಿ ಪ್ರತಿ ಅಣೆಕಟ್ಟೂ ತನ್ನ ಒಂದು ಕೆಲಸ ಮಾಡಿಕೊಂಡು ನೀರನ್ನು ಮುಂದಕ್ಕೆ ಬಿಡುತ್ತದೆ. ಇಲ್ಲಿ ಎರಡೂ ದಡದ ಕಾಲುವೆಗಳಿಗೆ ಪಾಲು ಕೊಟ್ಟು ಉಳಿದದ್ದು ಕಡಲಿಗೆ.

ಟರ್ಮಿನಲ್ಲಿನಲ್ಲಿ ನನಗೆ ಅತ್ಯಂತ ಅಚ್ಚುಮೆಚ್ಚಿನ ಗುರುತು ಇದನ್ನೇ ಮಾಡುತ್ತದೆ. ಒಂದು ನಿಂತ ಗೆರೆ: | ಇದರ ಹೆಸರು ಪೈಪ್, ಅಂದರೆ ಕೊಳವೆ. ಎಡಗಡೆಯ ಆಜ್ಞೆಯಿಂದ ಹೊರಬಿದ್ದದ್ದನ್ನು ಬಲಗಡೆಯ ಆಜ್ಞೆಯ ಬಾಯಿಗೆ ಬಿಡುತ್ತದೆ. ಬೆಲ್ ಪ್ರಯೋಗಾಲಯದ ಡಗ್ ಮೆಕಿಲ್‌ರಾಯ್ 1964ರಲ್ಲೇ ಒಂದು ಟಿಪ್ಪಣಿ ಬರೆದಿದ್ದರು: ತೋಟಕ್ಕೆ ನೀರು ಬಿಡುವ ಪೈಪುಗಳನ್ನು ಒಂದಕ್ಕೊಂದು ತಿರುಪಿ ಸೇರಿಸುವ ಹಾಗೆ ಪ್ರೋಗ್ರಾಮುಗಳನ್ನೂ ಸೇರಿಸುವಂತಿರಬೇಕು ಎಂದು. ವರ್ಷಗಟ್ಟಲೆ ಅದನ್ನೇ ಹೇಳುತ್ತಾ ಬಂದರು. ಕೊನೆಗೆ 1973ರಲ್ಲಿ ಥಾಂಪ್ಸನ್ ಒಂದು ರಾತ್ರಿ ಕೂತು ಯುನಿಕ್ಸ್‌ಗೆ ಪೈಪ್ ಹಾಕಿಬಿಟ್ಟರು.

ಅದರ ಬಲ ಏನು ಎಂದು ನೋಡಬೇಕಾದರೆ ಬ್ಯಾರೇಜಿನಿಂದ ಉಳಿದುಕೊಂಡಿದ್ದ ಮನೆಗೆ ಬಂದು ನಾವು ಮಾಡಿದ ಆಟ ಕೇಳಿ. ಗ್ರೆಪ್ ಎಂಬ ಆಜ್ಞೆ ಹುಡುಕುವ ಕೆಲಸ ಮಾಡುತ್ತದೆ. ಡಬ್ಲ್ಯುಸಿ ಎಂಬುದು ಎಣಿಸುತ್ತದೆ. -ಎಲ್ ಸೇರಿಸಿದರೆ ಸಾಲುಗಳನ್ನು ಎಣಿಸುತ್ತದೆ. ಗ್ರೆಪ್‌ಗೆ ಎಣಿಕೆ ಬೇಕಿಲ್ಲ, ಡಬ್ಲ್ಯುಸಿಗೆ ಹುಡುಕಾಟ ಗೊತ್ತಿಲ್ಲ. ಎರಡನ್ನೂ ಜೋಡಿಸೋಣ:

$ ಗ್ರೆಪ್ ಪಲ್ಲಿ ರೈಲು | ಡಬ್ಲ್ಯುಸಿ -ಎಲ್
2

‘ಪಲ್ಲಿ’ ಇರುವ ಊರು ಎರಡು: ಅನಕಾಪಲ್ಲಿ, ತಾಡೇಪಲ್ಲಿಗೂಡೆಂ. ತೆಲುಗಿನ ಪಲ್ಲಿ ನಮ್ಮ ಹಳ್ಳಿಯೇ. ಹಳೆಗನ್ನಡದಲ್ಲಿ ನಾವೂ ‘ಪಳ್ಳಿ’ ಎನ್ನುತ್ತಿದ್ದೆವು. ಮುಂದೆ ನಮ್ಮ ಬಾಯಲ್ಲಿ ಪಕಾರ ಹಕಾರವಾಯಿತು, ಪಾಲು ಹಾಲಾದ ಹಾಗೆ. ಹತ್ತು ಸಾಲಿನಲ್ಲಿ ಎರಡನ್ನು ಹುಡುಕಲು ಕಂಪ್ಯೂಟರ್ ಯಾಕೆ ಬೇಕು ಎನ್ನುತ್ತೀರಾ? ಹತ್ತರ ಬದಲು ದೇಶದ ಎಲ್ಲ ರೈಲು ನಿಲ್ದಾಣಗಳ ಪಟ್ಟಿ ಇದ್ದರೂ ಬರೆಯಬೇಕಾದ್ದು ಇದೇ ಒಂದು ಸಾಲು. ಮೌಸಿನಲ್ಲಿ ಬೆರಳು ತೋರಿಸಬಹುದು: ‘ಅದು ಬೇಕು, ಇದು ಬೇಕು’. ಅಂಗಡಿಯವರು ಗುಂಡಿ ಇಟ್ಟಿದ್ದರೆ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ‘ಪಲ್ಲಿ ಇರುವ ಊರು ಎಣಿಸು’ ಎಂಬ ಗುಂಡಿಯನ್ನು ಯಾರೂ ಮಾಡಿಟ್ಟಿರಲಿಲ್ಲ. ಏಳನೇ ತರಗತಿಯ ಹುಡುಗಿ ಎರಡು ಪದ ಜೋಡಿಸಿ ತಾನೇ ಮಾಡಿಕೊಂಡಳು. ಟರ್ಮಿನಲ್ ಕಲಿಯಿರಿ ಎಂದು ನಾನು ಮಕ್ಕಳಿಗೆ ದುಂಬಾಲು ಬೀಳುವುದು ಇದೇ ಕಾರಣಕ್ಕೆ.

ಆ ರಾತ್ರಿ ಪುಟ್ಟಿಗೆ ಎಣಿಸುವ ಹುಚ್ಚು ಹತ್ತಿತು. ಎಕೋ ಎಂದರೆ ಪ್ರತಿಧ್ವನಿ: ಹೇಳಿದ್ದನ್ನೇ ತಿರುಗಿ ಹೇಳುತ್ತದೆ. ಡಬ್ಲ್ಯುಸಿಗೆ -ಎಂ ಕೊಟ್ಟರೆ ಅಕ್ಷರ ಎಣಿಸುತ್ತದೆ, -ಸಿ ಕೊಟ್ಟರೆ ಬೈಟ್ ಎಣಿಸುತ್ತದೆ. ಬೈಟ್ ಅಂದರೆ ಕಂಪ್ಯೂಟರ್ ನೆನಪಿನ ಒಂದು ಪುಟ್ಟ ಗೂಡು. ಅವಳು ತನ್ನೂರಿನ ಹೆಸರು ಕೊಟ್ಟಳು.

$ ಎಕೋ ವಿಶಾಖಪಟ್ಟಣ | ಡಬ್ಲ್ಯುಸಿ -ಎಂ
11
$ ಎಕೋ ವಿಶಾಖಪಟ್ಟಣ | ಡಬ್ಲ್ಯುಸಿ -ಸಿ
31

“ವಿ, ಶಾ, ಖ, ಪ, ಟ್ಟ, ಣ. ಆರೇ ಅಕ್ಷರ ಅಲ್ವಾ ಚಿಕ್ಕಿ? ಇದೇನು ಹನ್ನೊಂದು ಅಂತಿದೆ?”

ನಾವು ಉಸಿರಿನಿಂದ ಎಣಿಸುತ್ತೇವೆ, ಅದು ಬಿಡಿ ಗುರುತುಗಳನ್ನು ಎಣಿಸುತ್ತದೆ. ‘ವಿ’ ಎಂದರೆ ಅದಕ್ಕೆ ವ ಒಂದು, ಗುಡಿಸು ಒಂದು. ‘ಶಾ’ ಎಂದರೆ ಶ ಒಂದು, ಇಳಿ ಒಂದು. ‘ಟ್ಟ’ ಎಂದರೆ ಟ, ಅರ್ಧಾಕ್ಷರದ ಗುರುತು, ಮತ್ತೊಂದು ಟ: ಮೂರು. ಕೂಡಿಸಿದರೆ 10. ಹನ್ನೊಂದನೆಯದು ಕಣ್ಣಿಗೆ ಕಾಣದ ‘ಸಾಲು ಮುಗಿಯಿತು’ ಎಂಬ ಗುರುತು. ಎಕೋ ತಾನಾಗಿ ಕೊನೆಯಲ್ಲಿ ಸೇರಿಸುತ್ತದೆ. ಟೆಲಿಟೈಪಿನಲ್ಲಿ ಕಾಗದವನ್ನು ಒಂದು ಸಾಲು ಮೇಲಕ್ಕೆ ಸರಿಸಲು ಬೇಕಾಗಿದ್ದ ಗುರುತು ಅದು.

ಬೈಟು 31 ಹೇಗೆ? ಕಂಪ್ಯೂಟರಿಗೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಉಂಟು. ಈ ಸಂಖ್ಯೆಗಳ ಜಾಗತಿಕ ಪಟ್ಟಿಗೆ ಯುನಿಕೋಡ್ ಎಂದು ಹೆಸರು. ಕನ್ನಡದ ‘ಕ’ 3221. ಆ ಸಂಖ್ಯೆಯನ್ನು ಗೂಡುಗಳಲ್ಲಿ ಇಡುವ ಒಂದು ಪದ್ಧತಿ ಇದೆ: 127ರವರೆಗೆ ಒಂದು ಗೂಡು, 2047ರವರೆಗೆ ಎರಡು, 65535ರವರೆಗೆ ಮೂರು. ನಮ್ಮ ಅಕ್ಷರಗಳು 3200ರಿಂದ ಆಚೆ ಇರುವುದರಿಂದ ಒಂದೊಂದಕ್ಕೂ ಮೂರು ಗೂಡು. ಹತ್ತಕ್ಕೆ 30, ಸಾಲಿನ ಗುರುತಿಗೆ 1. ಈ ಪದ್ಧತಿಯ ಹೆಸರು ಯುಟಿಎಫ್-8. ಇದನ್ನು 1992ರ ಸೆಪ್ಟೆಂಬರಿನಲ್ಲಿ, ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಾಗ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಬರೆದು ರೂಪಿಸಿದವರು ಯಾರು ಗೊತ್ತೇ? ಅದೇ ಕೆನ್ ಥಾಂಪ್ಸನ್, ಜೊತೆಯಲ್ಲಿ ರಾಬ್ ಪೈಕ್. ಇವತ್ತು ನಾವು ಫೋನಿನಲ್ಲಿ ಕನ್ನಡದಲ್ಲಿ ಸಂದೇಶ ಕಳಿಸುವಾಗಲೂ ಸಾಗುವುದು ಈ ಗೂಡುಗಳೇ.

ಪುಟ್ಟಿಗೆ ತೆಲುಗೂ ಬರುವುದರಿಂದ ಅವಳಿಗೆ ಇನ್ನೊಂದು ವಿಷಯ ಹೇಳಿದೆ. ತೆಲುಗಿನ ‘ಕ’ದ ಸಂಖ್ಯೆ 3093. ಕನ್ನಡದ್ದು 3221. ಕಳೆದು ನೋಡು. 128. ‘ಮ’ ತೆಗೆದುಕೊಂಡರೂ 128, ‘ಳ’ ತೆಗೆದುಕೊಂಡರೂ 128. ಎರಡೂ ಲಿಪಿಗಳು ಒಂದೇ ಹಳೆಯ ಲಿಪಿಯಿಂದ ಒಡೆದು ಬಂದ ಅಕ್ಕತಂಗಿಯರು. ಯುನಿಕೋಡಿನಲ್ಲೂ ಒಂದೇ ಬೀದಿಯಲ್ಲಿ, 128 ಮನೆ ದೂರದಲ್ಲಿ, ಒಂದೇ ಕ್ರಮದಲ್ಲಿ ವಾಸ. ಕೆಲವು ಅಕ್ಷರ ಬಿಟ್ಟರೆ, 128 ಕೂಡಿಸುತ್ತಾ ಹೋದರೆ ತೆಲುಗು ಬರಹ ಕನ್ನಡ ಲಿಪಿಗೆ ಬಂದುಬಿಡುತ್ತದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಶಾಲೆಯ ತೆಲುಗು ಪುಸ್ತಕ ತಂದಿಲ್ಲವಲ್ಲ ಎಂದು ಪೇಚಾಡಿದಳು.

ಒಂದು ಎಡವಟ್ಟೂ ಆಯಿತು, ಅದನ್ನು ಮುಚ್ಚಿಡಬಾರದು. ಸಿಪಿಯಿಂದ ‘ರೈಲು’ ಫೈಲಿನ ನಕಲು ಮಾಡಿ ‘ರೈಲು2’ ಎಂದು ಇಟ್ಟಿದ್ದಳು. ಬೇಡವಾದಾಗ ನಕಲನ್ನು ಅಳಿಸಲು ಆರ್‌ಎಂ ಬಳಸಿದಳು. 2 ಬರೆಯಲು ಮರೆತಳು. ಅಸಲು ಹೋಯಿತು. ‘ನಿಜವಾಗಲೂ ಅಳಿಸಲೇ?’ ಎಂದು ಲಿನಕ್ಸ್ ಕೇಳಲಿಲ್ಲ, ಹೋದದ್ದು ಕಸದ ಬುಟ್ಟಿಯಲ್ಲೂ ಇರಲಿಲ್ಲ. ನಕಲು ಉಳಿದಿತ್ತು, ಎಂವಿಯಿಂದ ಅದಕ್ಕೇ ಹಳೆಯ ಹೆಸರು ಕೊಟ್ಟೆವು, ಬದುಕಿದೆವು. ಆರ್‌ಎಂ -ಐ ಎಂದರೆ ಒಂದು ಸಲ ಕೇಳಿ ಅಳಿಸುತ್ತದೆ. ಮಕ್ಕಳು ಹಾಗೇ ಅಭ್ಯಾಸ ಮಾಡಿಕೊಳ್ಳಿ. ಸುಡೊ ಎಂಬ ಪದದಿಂದ ಶುರುವಾಗುವ ಯಾವ ಆಜ್ಞೆಯನ್ನೂ ದೊಡ್ಡವರು ಪಕ್ಕದಲ್ಲಿಲ್ಲದೆ ಒತ್ತಬೇಡಿ. ಅದು ಯಂತ್ರದ ಯಜಮಾನನ ಕೀಲಿಕೈ. ಏನಾದರೂ ಗೊತ್ತಾಗದಿದ್ದರೆ ಮ್ಯಾನ್ ಎಂದು ಬರೆದು ಆಜ್ಞೆಯ ಹೆಸರು ಸೇರಿಸಿ: ಅದರ ಕೈಪಿಡಿಯೇ ತೆರೆದುಕೊಳ್ಳುತ್ತದೆ. ಹೊರಬರಲು ಕ್ಯೂ ಒತ್ತಿ. ಉದ್ದ ಹೆಸರು ಬರೆಯಲು ಬೇಸರವಾದರೆ ಮೊದಲೆರಡು ಅಕ್ಷರ ಬರೆದು ಟ್ಯಾಬ್ ಕೀಲಿ ಒತ್ತಿ, ಉಳಿದದ್ದನ್ನು ಶೆಲ್ ತುಂಬಿಕೊಡುತ್ತದೆ. ಹಿಂದೆ ಬರೆದದ್ದು ಮತ್ತೆ ಬೇಕಾದರೆ ಮೇಲ್ಮುಖದ ಬಾಣ. ಇನ್ನು ಕ್ಯಾಲೆಂಡರ್ ತೋರಿಸುವ ಆಜ್ಞೆ: ಕ್ಯಾಲ್ 11 1956 ಎಂದು ಒತ್ತಿ ಆ ತಿಂಗಳ ಮೊದಲ ದಿನ ಯಾವ ವಾರ ಎಂದು ನೋಡಿ (ಕ್ಯಾಲ್ ಇಲ್ಲದಿದ್ದರೆ ದೊಡ್ಡವರಿಂದ ಹಾಕಿಸಿಕೊಳ್ಳಿ). ಗುರುವಾರ. ನಮ್ಮ ರಾಜ್ಯ ಒಂದಾದ ದಿನ. ಆಂಧ್ರಪ್ರದೇಶ ಹುಟ್ಟಿದ್ದೂ ಅದೇ ಗುರುವಾರ.

ಇಷ್ಟೆಲ್ಲ ಮಾಡಿಕೊಟ್ಟವರು ಯಾರು, ಮತ್ತು ಯಾಕೆ ಪುಕ್ಕಟೆ? ಪುಟ್ಟಿ ಇದನ್ನು ವಾಪಸ್ ರೈಲಿನಲ್ಲಿ ಕೇಳಿದಳು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬುವರು ಯುನಿಕ್ಸ್‌ನಂಥದ್ದನ್ನೇ, ಆದರೆ ಎಲ್ಲರೂ ತೆರೆದು ಓದಿ ತಿದ್ದಬಹುದಾದದ್ದನ್ನು ಕಟ್ಟುತ್ತೇನೆ ಎಂದು ಸಾರಿದರು. ಅದರ ಹೆಸರು ಗ್ನೂ. ನಾವು ಬಳಸಿದ ಎಲ್‌ಎಸ್, ಸಾರ್ಟ್, ಡಬ್ಲ್ಯುಸಿ ಅಲ್ಲಿನವು. 1991ರಲ್ಲಿ ಫಿನ್ಲೆಂಡಿನ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ವ್ಯವಸ್ಥೆಯ ಹೃದಯಭಾಗವಾದ ಕರ್ನೆಲ್ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ. ಆಮೇಲೆ ಲೋಕದ ಸಾವಿರಾರು ಜನ ಕೈಹಚ್ಚಿದರು. ಅಮ್ಮನ ಆಂಡ್ರಾಯ್ಡ್ ಫೋನಿನೊಳಗೆ ಇರುವುದು ಇದೇ ಲಿನಕ್ಸ್ ಕರ್ನೆಲ್. ಲೋಕದ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿ ಇದೆಯಲ್ಲ, 2017ರ ಕೊನೆಯಿಂದ ಆ ಐನೂರೂ ಲಿನಕ್ಸ್‌ನವೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಪರಮ್ ಪ್ರವೇಗ’ವೂ ಲಿನಕ್ಸಿನದೇ. ವಿಜ್ಞಾನಿಗಳು ಅಂಥ ದೈತ್ಯನ ಮುಂದೆ ಹೋಗಿ ಕೂರುವುದಿಲ್ಲ. ದೂರದ ತಮ್ಮ ಮೇಜಿನಿಂದ ಟರ್ಮಿನಲ್ಲಿನಲ್ಲಿ ಸಾಲು ಬರೆದು ಕೆಲಸ ಒಪ್ಪಿಸುತ್ತಾರೆ.

ತೆಲುಗು ನಾಡಿನಲ್ಲಿ ‘ಸ್ವೇಚ್ಛ’ ಎಂಬ ಬಳಗ ಲಿನಕ್ಸನ್ನು ತೆಲುಗಿನಲ್ಲಿ ಓದುವಂತೆ ಮಾಡಿದೆ. ಕನ್ನಡದಲ್ಲಿ ಸ್ವೇಚ್ಛೆ ಅಂದರೆ ಮನಬಂದಂತೆ ನಡೆಯುವುದು. ತೆಲುಗಿನಲ್ಲಿ ಆ ಪದಕ್ಕೆ ಸ್ವಾತಂತ್ರ್ಯ ಎಂಬ ಚೆಂದದ ಅರ್ಥ. ಅತ್ತ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಲಿನಕ್ಸ್ ಹೊಸತೇ ಅಲ್ಲ. ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿ ಅದೇ ಇರುತ್ತದೆ, ಐಟಿ ಪಾಠಪುಸ್ತಕ ಕನ್ನಡದಲ್ಲೂ ಇದೆ. ನಮ್ಮ ಡೆಬಿಯನ್‌ನಲ್ಲಿ ಕನ್ನಡದ ಅಕ್ಷರಶೈಲಿಗಳೂ ಸಿಗುತ್ತವೆ. ಅವುಗಳಲ್ಲಿ ಎರಡರ ಹೆಸರು ಕೇಳಿ: ಗುಬ್ಬಿ, ನವಿಲು.

ಆದರೆ ಕಪ್ಪು ಚೌಕದಲ್ಲಿ ಕನ್ನಡ ಇನ್ನೂ ನೆಟ್ಟಗೆ ಕೂರುವುದಿಲ್ಲ. ‘ಪಟ್ಟಣ’ದ ಟಕಾರದ ಒತ್ತು ಹಲವು ಟರ್ಮಿನಲ್ಲುಗಳಲ್ಲಿ ಕೆಳಗಿಳಿಯದೆ ಪಕ್ಕಕ್ಕೆ ಒಡೆದು ನಿಲ್ಲುತ್ತದೆ. ಟರ್ಮಿನಲ್ಲಿನ ತೆರೆ ಗಣಿತದ ಚೌಕುಳಿ ಪುಸ್ತಕದ ಹಾಗೆ, ಒಂದೊಂದು ಇಂಗ್ಲಿಷ್ ಅಕ್ಷರಕ್ಕೆ ಒಂದೊಂದು ಚೌಕ. ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತೂಗುವ ನಮ್ಮ ಅಕ್ಷರ ಆ ಚೌಕಕ್ಕೆ ಒಗ್ಗುವುದಿಲ್ಲ. ಇದು ನನಗೆ ನಿಜಕ್ಕೂ ಸಂಕಟದ ಸಂಗತಿ. “ಇದನ್ನ ಯಾರು ಸರಿಮಾಡ್ತಾರೆ?” ಎಂದು ಪುಟ್ಟಿ ಕೇಳಿದಳು. ಟರ್ಮಿನಲ್ಲಿನ ಒಳಬರಹವೂ ತೆರೆದೇ ಇದೆ, ಯಾರು ಬೇಕಾದರೂ ಕೂರಬಹುದು ಅಂದೆ.

ನಾನು ಊರಿಗೆ ಹೊರಡುವ ಮುನ್ನ, ಅವಳಿಗೆ ಹೇಳದೆ, ಆ ಲ್ಯಾಪ್‌ಟಾಪಿಗೆ ಇನ್ನೊಂದು ಪುಟಾಣಿ ಪ್ರೋಗ್ರಾಮು ಹಾಕಿ ಬಂದೆ. ವಾರವಾದ ಮೇಲೆ ಫೋನು.

“ಚಿಕ್ಕೀ! ಎಲ್‌ಎಸ್ ಒತ್ತೋ ಅವಸರದಲ್ಲಿ ಎಸ್‌ಎಲ್ ಒತ್ತಿಬಿಟ್ಟೆ. ರೈಲು ಬಂತು!”

“ಯಾವುದು, ರತ್ನಾಚಲಾನಾ?”

“ಅಲ್ಲ, ಹೊಗೆ ಬಿಡೋದು. ಬಲಗಡೆಯಿಂದ ಎಡಗಡೆಗೆ ಹೋಯ್ತು. ನಿಲ್ಸೋಕೆ ಹೋದ್ರೂ ನಿಲ್ಲಲಿಲ್ಲ. ಪೂರ್ತಿ ಚುಕ್ಕಿ, ಗೆರೆ, ಆವರಣಚಿಹ್ನೆಯಲ್ಲೇ ಮಾಡಿದ್ದಾರೆ!”

ಅವಸರದಲ್ಲಿ ಅಕ್ಷರ ಅದಲುಬದಲು ಮಾಡುವವರಿಗೆಂದೇ ಜಪಾನಿನ ಟೊಯೊಡಾ ಮಸಾಶಿ 1993ರಲ್ಲಿ ಬರೆದ ರೈಲು ಅದು. ಎಸ್‌ಎಲ್ ಅಂದರೆ ಉಗಿಬಂಡಿ.

“ಚಿಕ್ಕಿ, ಅದರ ಒಳಗೆ ಏನು ಬರೆದಿದ್ದಾರೆ ಅಂತ ನೋಡಬಹುದಾ?”

“ನೋಡಬಹುದು ಪುಟ್ಟಿ” ಅಂದೆ. ಅವಳು ಆಗಲೇ ಫೋನನ್ನು ಮೇಜಿನ ಮೇಲಿಟ್ಟಿದ್ದಳು. ಕೀಲಿಗಳ ಟಕಟಕ ಸದ್ದು ನನಗೆ ಇಲ್ಲಿಗೆ ಕೇಳಿಸುತ್ತಿತ್ತು.